ಕಲೆ ತೆಗೆಯಬೇಕು, ಗೋಡೆ ಉಳಿಯಬೇಕು

ಮಂಗಳೂರು, ಉಡುಪಿ ಕಡೆಯ ಕಟ್ಟಡಗಳ ಫೋಟೊ ತೆಗೆಯುವವರಿಗೆ ಕಪ್ಪು ಪಾಚಿಯ ಪರಿಚಯ ಮಾಡಿಕೊಡಬೇಕಿಲ್ಲ. ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಸಣ್ಣ ಗೀರು ಬಿಟ್ಟಿರದಿದ್ದರೆ ಮಳೆನೀರು ಗೋಡೆಗುಂಟ ಇಳಿಯುತ್ತದೆ. ಇಳಿದ ದಾರಿಯಲ್ಲೆಲ್ಲ ಕಪ್ಪು ಗೆರೆ. ಆರ್ಕಿಟೆಕ್ಟ್‌ಗಳಿಗೆ ಫೋಟೊ ಕೊಡುವಾಗ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುತ್ತಾ ನನ್ನ ಹೆಚ್ಚಿನ ಸಮಯ ಹೋಗುವುದು ಈ ಗೆರೆಗಳನ್ನು ತೆಗೆಯುವುದಕ್ಕೇ.

ಶುರು ಮಾಡುವುದು ಮಾತ್ರ ಆಕಾಶದಿಂದ. ಎಫ್/11, ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ ತೆಗೆದ ಚಿತ್ರಗಳಲ್ಲಿ ಸೆನ್ಸರ್ ಮೇಲಿನ ಧೂಳು ಮಸುಕು ಚುಕ್ಕೆಯಾಗಿ ಕಾಣುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನ ವಿಷುವಲೈಸ್ ಸ್ಪಾಟ್ಸ್ ಹಾಕಿದರೆ ಎಲ್ಲ ಚುಕ್ಕೆಗಳೂ ಎದ್ದು ಕಾಣುತ್ತವೆ, ಬೇಗ ಮುಗಿಯುತ್ತದೆ.

ಗೋಡೆಯ ಕೆಲಸ ಬೇರೆ. 2002ರಲ್ಲಿ ಫೋಟೊಶಾಪ್ 7ರೊಂದಿಗೆ ಬಂದ ಹೀಲಿಂಗ್ ಬ್ರಷ್ ಒಂದು ಕಡೆಯ ಮೇಲ್ಮೈ ತಂದು, ಸುತ್ತಲಿನ ಬಣ್ಣಕ್ಕೆ ಹೊಂದಿಸುತ್ತದೆ. ಹಕ್ಕಿ ಹಿಕ್ಕೆ, ಮೊಳೆ ತೂತುಗಳಿಗೆ ಅದು ಸಾಕು. ಆದರೆ ಕಿಟಕಿ ಚೌಕಟ್ಟಿನ ಪಕ್ಕದಲ್ಲಿ ಹಚ್ಚಿದರೆ ಮರದ ಕಂದು ಬಣ್ಣ ಗೋಡೆಗೆ ಹರಡುತ್ತದೆ. ಅಲ್ಲಿ ನಾನು ಅಂಚಿಗೆ ಸರಿಯಾಗಿ ಲಾಸೊದಿಂದ (ಗೆರೆ ಎಳೆದು ಜಾಗ ಆರಿಸುವ ಟೂಲ್) ಸೆಲೆಕ್ಷನ್ ಮಾಡಿ, ಖಾಲಿ ಲೇಯರ್ (ಚಿತ್ರದ ಮೇಲೆ ಇಡುವ ಪಾರದರ್ಶಕ ಪದರ) ಮೇಲೆ, ಒಂದು ಕಡೆಯದನ್ನು ಹಾಗೇ ಇನ್ನೊಂದು ಕಡೆ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್ ಬಳಸುತ್ತೇನೆ.

ಉದ್ದದ ಪಾಚಿ ಗೆರೆಗೆ ಈ ಎರಡೂ ಬೇಡ. ಹತ್ತಿರದಿಂದ ನೋಡಿ: ಕಪ್ಪಾದ ಜಾಗದಲ್ಲೂ ಗಾರೆಯ ತರಿ ಹಾಗೇ ಇರುತ್ತದೆ, ಕೆಟ್ಟಿರುವುದು ಬಣ್ಣ ಮತ್ತು ಬೆಳಕು ಮಾತ್ರ. ಹಾಗಾಗಿ ಬೆಳಕು ಏರಿಸುವ ಕರ್ವ್ಸ್ ಲೇಯರ್ ಹಾಕಿ, ಅದು ಎಲ್ಲೂ ಕಾಣದಂತೆ ಅದರ ಮಾಸ್ಕ್ (ಮುಸುಕು) ಕಪ್ಪು ಮಾಡಿ, ಗೆರೆಯ ಮೇಲೆ ಮಾತ್ರ ಮೆತ್ತನೆಯ ಬಿಳಿ ಬ್ರಷ್ಷನ್ನು ಕಡಿಮೆ ಫ್ಲೋದಲ್ಲಿ, ಅಂದರೆ ತೆಳುವಾಗಿ ಆಡಿಸುತ್ತೇನೆ. ಬೆಳಕು ಸರಿಹೋದ ಮೇಲೂ ಹಸಿರು ಛಾಯೆ ಉಳಿದಿರುತ್ತದೆ. ಅದಕ್ಕೆ ಇನ್ನೊಂದು ಲೇಯರನ್ನು ಬೆಳಕು ಬಿಟ್ಟು ಬಣ್ಣ ಮಾತ್ರ ಬದಲಿಸುವ ಕಲರ್ ಮೋಡ್‌ಗೆ ಇಟ್ಟು, ಪಕ್ಕದ ಚೊಕ್ಕ ಗೋಡೆಯ ಬಣ್ಣ ತೆಗೆದು ಬಳಿಯಬೇಕು. ನಿಧಾನದ ಕೆಲಸವೇ, ಆದರೆ ಗೋಡೆ ಪ್ಲಾಸ್ಟಿಕ್ ಹಾಳೆಯಂತೆ ನುಣ್ಣಗಾಗುವುದಿಲ್ಲ. ಈಗಿನ ರಿಮೂವ್ ಟೂಲ್ ಒಂದೇ ಎಳೆತಕ್ಕೆ ಗೆರೆ ಅಳಿಸಿ ತೋರಿಸಬಹುದು, ಆದರೆ ಅಲ್ಲಿ ತುಂಬುವುದು ಆ ಗೋಡೆಯಲ್ಲಿ ಇಲ್ಲದ ಗಾರೆ.

ಮುರಕಲ್ಲಿನ (ಲ್ಯಾಟರೈಟ್) ಗೋಡೆಗಳಲ್ಲಿ ಇನ್ನೂ ಎಚ್ಚರ ಬೇಕು. ತೂತು, ಕಂದು-ಕೆಂಪಿನ ಏರುಪೇರು ಆ ಕಲ್ಲಿನ ಗುಣವೇ. ಅಲ್ಲಿ ಉಪ್ಪು ಒಸರಿದ ಬಿಳಿ ಪಟ್ಟೆ, ಜೇಡರ ಬಲೆ ಬಿಟ್ಟು ಬೇರೇನನ್ನೂ ನಾನು ಮುಟ್ಟುವುದಿಲ್ಲ. ಹಳೆಯ ಮಂಗಳೂರು ಹೆಂಚಿನ ಮಾಡಿನ ನಡುವೆ ಕೆಂಪಗೆ ಹೊಳೆಯುವ ಹೊಸ ಹೆಂಚನ್ನೂ ಬಿಟ್ಟುಬಿಡುತ್ತೇನೆ, ಯಾರೋ ಮನೆಯನ್ನು ಜೋಪಾನ ಮಾಡುತ್ತಿದ್ದಾರೆ ಎಂದು ಹೇಳುವ ಹೆಂಚು ಅದು. ಮಾರಾಟದ ಜಾಹೀರಾತಿಗೆ ಹೋಗುವ ಚಿತ್ರವಾದರೆ ಬಿರುಕು, ನೀರು ಜಿನುಗಿದ ಗುರುತು ಯಾವುದನ್ನೂ ತೆಗೆಯುವುದಿಲ್ಲ. ದುಡ್ಡು ಕೊಡುವವರಿಗೆ ಅದು ಕಾಣಲೇಬೇಕು.

ಮುಗಿದ ಮೇಲೆ ಚಿತ್ರವನ್ನು ಚಿಕ್ಕದು ಮಾಡಿ ನೋಡಿ. ಕ್ಲೋನ್ ಮಾಡಿದ ಒಂದೇ ಗುರುತು ಮತ್ತೆ ಮತ್ತೆ ಬಂದಿದ್ದರೆ ದೊಡ್ಡದಾಗಿಸಿದಾಗ ತಿಳಿಯದು, ದೂರದಿಂದ ತಿಳಿಯುತ್ತದೆ. ಎಲ್ಲದರ ಮೇಲೆ ಬೆಳಕು-ನೆರಳಿನ ವ್ಯತ್ಯಾಸ ಹೆಚ್ಚಿಸುವ, ಕಡುವಾದ ಎಸ್ ಆಕಾರದ ಕರ್ವ್ಸ್ ಲೇಯರ್ ಒಂದನ್ನು ಹಾಕಿದರೆ ತೇಪೆ ಹಚ್ಚಿದ ಜಾಗಗಳೂ ಎದ್ದು ಬರುತ್ತವೆ. ಅವನ್ನು ಸರಿಮಾಡಿ, ಆ ಲೇಯರ್ ತೆಗೆದುಹಾಕಿ ಸೇವ್ ಮಾಡಿ.