ಕ್ಯಾಮೆರಾಕ್ಕಲ್ಲ, ಕೊನೆಯ ಹಂತಕ್ಕೆ ಹಣ: ನನ್ನ ಅನುಭವ

ಅವಕಾಶ ಸಿಗದ ನಿರ್ದೇಶಕರ ಸ್ವತಂತ್ರ ಚಿತ್ರಗಳಿಗೆ ನಾನು ಹಣ ಹೊಂದಿಸತೊಡಗಿ ಸುಮಾರು 9 ವರ್ಷಗಳಾದವು. ಮೊದಲ 3 ಚಿತ್ರಗಳಲ್ಲಿ ಎಲ್ಲರಂತೆ ನಾನೂ ಹಣವನ್ನೆಲ್ಲ ಚಿತ್ರೀಕರಣಕ್ಕೇ ಸುರಿದೆ. ಮೂರೂ ಸಂಕಲನದ ಹಂತದಲ್ಲೇ ನಿಂತವು, ಒಂದಂತೂ ಇಂದಿಗೂ ಹಾರ್ಡ್‌ಡಿಸ್ಕ್‌ನಿಂದ ಹೊರಬಂದಿಲ್ಲ. ಆಮೇಲೆ ಹೆಚ್ಚುಕಡಿಮೆ ಶೇ 70ರಷ್ಟನ್ನು ಧ್ವನಿ ಮಿಶ್ರಣ, ಕಲರ್ ಗ್ರೇಡಿಂಗ್ (ಬಣ್ಣ-ಬೆಳಕಿನ ಹೊಂದಾಣಿಕೆ), ಸಬ್‌ಟೈಟಲ್ ಮತ್ತು ಡಿಸಿಪಿಗೆ (ಚಿತ್ರಮಂದಿರದಲ್ಲಿ ತೋರಿಸುವ ಡಿಜಿಟಲ್ ಪ್ರತಿಗೆ) ಎತ್ತಿಟ್ಟು, ರಫ್ ಕಟ್ (ಸಂಕಲನದ ಮೊದಲ ಕರಡು) ಕಾಣುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ಪಟ್ಟು ಹಿಡಿದಾಗ ಜೊತೆಗಾರರು ನಕ್ಕರು. ಅನಂತರದ 11 ಚಿತ್ರಗಳಲ್ಲಿ 8 ಪರದೆ ಕಂಡಿವೆ; ನಕ್ಕವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಹಾಳೆಯನ್ನು ಕೇಳಿ ಪಡೆದಿದ್ದಾರೆ.

ಕ್ಯಾಮೆರಾವನ್ನು ಹೇಗಾದರೂ ಎರವಲು ತರಬಹುದು, ಆದರೆ ಪರಿಚಯದ ಬಲವಿಲ್ಲದವರಿಗೆ ಮಿಕ್ಸಿಂಗ್ ಸ್ಟುಡಿಯೊ ಕಡ ಕೊಡುವುದಿಲ್ಲ. ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿಯಂಥ, ಚಿತ್ರಗಳಿಗೆ ಹಣ ನೀಡುವ ನಿಧಿಗಳು 1988ರಿಂದ ಇವೆಯಾದರೂ, ಅರ್ಜಿಯ ಭಾಷೆ ಒಲಿಯದವರು ಮೊದಲ ಸುತ್ತಿನಲ್ಲೇ ಉದುರುತ್ತಾರೆ. ಸಂಭಾವನೆಯನ್ನು ಚಿತ್ರ ಮುಗಿದ ಮೇಲೆ ಕೊಡುವ ಪದ್ಧತಿಯನ್ನೂ ಬಿಟ್ಟೆ, ಏಕೆಂದರೆ ಹಾಗೆ ಕಾಯಬಲ್ಲವರು ಉಳ್ಳವರು ಮಾತ್ರ.

ನಷ್ಟಗಳೇನೂ ಕಡಿಮೆಯಿಲ್ಲ. ಸೆಕೆಂಡಿಗೆ 25 ಫ್ರೇಮಿನಲ್ಲಿ ತೆಗೆದ 90 ನಿಮಿಷದ ಚಿತ್ರವೊಂದನ್ನು ಡಿಸಿಪಿಗಾಗಿ 24ಕ್ಕೆ ಇಳಿಸಿದಾಗ ಅದು 94 ನಿಮಿಷದ ಹತ್ತಿರ ಬಂತು. ವೇಗದೊಂದಿಗೆ ಇಳಿದ ಪಿಚ್ (ಸ್ವರದ ಎತ್ತರ) ಸರಿಪಡಿಸಲು ಮರೆತಿದ್ದರಿಂದ, ಹಾಡುವ ಅಜ್ಜಿಯ ತೆಳು ದನಿ ಯಾರದೋ ಭಾರವಾದ ದನಿಯಂತೆ ಕೇಳಿಸಿತು. ಮೊಮ್ಮಗಳಾದ ನಿರ್ದೇಶಕಿ ಅರ್ಧದಲ್ಲೇ ಎದ್ದು ಹೋದರು. ಮರುಮಿಶ್ರಣದ ಖರ್ಚು ಇಡೀ ಚಿತ್ರೀಕರಣದ ಕಾಲುಭಾಗವನ್ನು ನುಂಗಿತು.

ಇನ್ನೊಂದು ನನ್ನದೇ ಹಟ. ಕಿವುಡ ನಿರ್ದೇಶಕಿಯೊಬ್ಬರು 1.85ರಲ್ಲಿ (ಚೌಕಟ್ಟಿನ ಅಗಲ ಎತ್ತರದ 1.85 ಪಟ್ಟು) ತೆಗೆದ ಚಿತ್ರವನ್ನು, ದೊಡ್ಡ ಸಿನಿಮಾದಂತೆ ಕಾಣಲೆಂದು ನಾನು ಮೇಲೆ ಕೆಳಗೆ 2.39ಕ್ಕೆ ಕತ್ತರಿಸಿದೆ. ಸಬ್‌ಟೈಟಲ್ ಓದುತ್ತಿದ್ದ ನಮಗೆ ಕೊರತೆಯೇನೂ ಕಾಣಲಿಲ್ಲ. ಸಂಜ್ಞಾಭಾಷೆಯ ಪ್ರೇಕ್ಷಕರು ಮಾತ್ರ, ಎದೆಯ ಕೆಳಗೆ ಆಡುವ ಕೈಗಳು ಚೌಕಟ್ಟಿನಿಂದ ಹೊರಗುಳಿದು ಅರ್ಧ ಸಂಭಾಷಣೆಯೇ ಹೋಯಿತೆಂದರು. ಎಲ್ಲವನ್ನೂ ಮತ್ತೆ 1.85ಕ್ಕೆ ತಂದು, ಮೇಲೆ ಕೆಳಗೆ ಕತ್ತರಿಸಿದ್ದ ಭಾಗಗಳಿಗೆ ಹೊಸದಾಗಿ ಗ್ರೇಡಿಂಗ್ ಮಾಡಿಸಬೇಕಾಯಿತು.

ಉತ್ಸವಗಳ ಪ್ರವೇಶ ಶುಲ್ಕಕ್ಕೂ ಮೊದಮೊದಲು ಬಹಳ ಸುರಿದೆ: ಸುಮಾರು 40 ಕಡೆ ಕಟ್ಟಿದ್ದಕ್ಕೆ 2 ಆಯ್ಕೆಗಳು. ಈಗ ಶುಲ್ಕ ವಿನಾಯಿತಿ ಕೋರಿ ಬರೆಯುತ್ತೇನೆ, ಮೂರರಲ್ಲೊಂದು ಉತ್ಸವವಾದರೂ ಒಪ್ಪುತ್ತದೆ. ಆ ಪತ್ರದ ಮೊದಲ ಎರಡು ಸಾಲುಗಳಲ್ಲಿ ಏನಿರುತ್ತದೆಂಬುದನ್ನು ಮಾತ್ರ ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಆ ಕಿವುಡ ನಿರ್ದೇಶಕಿಯ ಎರಡನೆಯ ಚಿತ್ರದ ರಫ್ ಕಟ್ ಕಳೆದ ತಿಂಗಳು ಬಂತು. ಚೌಕಟ್ಟಿನ ಅಳತೆಯನ್ನು ಈ ಬಾರಿ ಕರಾರಿನಲ್ಲೇ ಬರೆಸಿಕೊಂಡಿದ್ದಾರೆ.