ಬೈಂಡ್ ಹಾಕೋಕೆ ಬರುತ್ತಾ? ಪುಸ್ತಕದ ಬೆನ್ನು ತೋರಿಸಿ

ಜೂನ್ ಕೊನೆಗೆ ಶಾಲೆಗೆ ಹೋಗುವ ಯಾವ ಮಗುವಿನ ಚೀಲಕ್ಕಾದರೂ ಕೈಹಾಕಿ, ಒಂದು ಪುಸ್ತಕ ತೆಗೆದು ಬೆನ್ನು ನೋಡಿ. ಬೈಂಡ್ ಮುಂದೆ ನೀಟಾಗಿರುತ್ತದೆ, ಹಿಂದೆಯೂ ನೀಟಾಗಿರುತ್ತದೆ. ಬೆನ್ನಿನ ಮೇಲ್ತುದಿಯಲ್ಲಿ ಮಾತ್ರ ಒಂದು ಸಣ್ಣ ಸೀಳು ಕಾಣುತ್ತದೆ. ಜುಲೈನಲ್ಲಿ ಆ ಸೀಳು ಅರ್ಧಕ್ಕೆ ಇಳಿಯುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಬೈಂಡ್ ಎರಡು ಹೋಳಾಗಿ, ಒಂದು ಹೋಳು ಕ್ಲಾಸಿನಲ್ಲಿ ರಾಕೆಟ್ ಆಗಿ ಹಾರಿರುತ್ತದೆ.

ನಮಗೆ ಇಬ್ಬರು ಗಂಡುಮಕ್ಕಳು. ದೊಡ್ಡವ ನಾಲ್ಕನೇ ಕ್ಲಾಸು, ಚಿಕ್ಕವ ಒಂದನೇ ಕ್ಲಾಸು. ಪಠ್ಯಪುಸ್ತಕ, ನೋಟ್‌ಬುಕ್ ಎಲ್ಲ ಸೇರಿ ಈ ವರ್ಷ 31 ಬೈಂಡ್. ಮೊದಲ ವರ್ಷ ನಾನು ಹಾಕಿದ ಹದಿನಾಲ್ಕು ಬೈಂಡುಗಳಲ್ಲಿ ದಸರಾ ರಜೆಯವರೆಗೆ ಬಾಳಿದ್ದು ಮೂರು. ಆಮೇಲೆ ಭಾವಮೈದುನ ಹಾಕಿದ್ದು, ಪಕ್ಕದ ಮನೆಯವರು ಹಾಕಿದ್ದು, ಅಂಗಡಿಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದು ಎಲ್ಲವನ್ನೂ ನೋಡಿದೆ. ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಆ ಜಾಗಕ್ಕೆ ಆಮೇಲೆ ಬರುತ್ತೇನೆ.

ಹಂತ 1: ಪೇಪರ್

ಸಾದಾ ಖಾಕಿ ಪೇಪರ್ ತನ್ನಿ. 70ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇದ್ದರೆ ಸಾಕು. ಅಂಗಡಿಯವರು ಇದನ್ನು ಕ್ರಾಫ್ಟ್ ಪೇಪರ್ ಅನ್ನುತ್ತಾರೆ. ಶಾಲೆಯ ಕ್ರಾಫ್ಟ್ ಪೀರಿಯಡ್‌ಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ ಭಾಷೆಯಲ್ಲಿ ಕ್ರಾಫ್ಟ್ ಅಂದರೆ ಶಕ್ತಿ. ಮರದ ನಾರನ್ನು ಬಿಳಿ ಮಾಡದೆ ಹಾಗೇ ಬಿಡುವುದರಿಂದ ಆ ಮಣ್ಣಿನ ಬಣ್ಣ. ಸಿಮೆಂಟ್ ಚೀಲಕ್ಕೂ ಇದೇ ಜಾತಿಯ ಪೇಪರ್ ಬಳಸುತ್ತಾರೆ ಅಂದಮೇಲೆ ಒಂದನೇ ಕ್ಲಾಸಿನ ಹುಡುಗನನ್ನೂ ತಡೆದೀತು.

ಈಗ ಮೇಲೆ ಹೊಳೆಯುವ ಪದರ ಇರುವ ಖಾಕಿ ರೋಲ್ ಜಾಸ್ತಿ ಸಿಗುತ್ತದೆ. ನೀರು ತಾಗಲ್ಲ ಅಂತ ಹೇಳಿ ಕೊಡುತ್ತಾರೆ. ಕೊಳ್ಳುವ ಮೊದಲು ಒಂದು ಮೂಲೆ ಮಡಚಿ, ಉಗುರಿನಿಂದ ಗಟ್ಟಿಯಾಗಿ ತೀಡಿ, ಬಿಡಿಸಿ ನೋಡಿ. ಮಡಿಕೆಯ ಮೇಲೆ ಗೆರೆ ಬಿಟ್ಟು ಪದರ ಎದ್ದರೆ ಅಲ್ಲೇ ಇಟ್ಟು ಬನ್ನಿ. ಬೈಂಡಿನ ಕೆಲಸವೇ ಮಡಿಕೆಗಳಲ್ಲಿರುವಾಗ ಮಡಿಕೆಯಲ್ಲೇ ಸೋಲುವ ಪೇಪರ್ ಯಾಕೆ?

ರೆಡಿಮೇಡ್ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಒಂದೋ ದೊಡ್ಡದಾಗಿ ಜಾರುತ್ತದೆ, ಇಲ್ಲ ಚಿಕ್ಕದಾಗಿ ರಟ್ಟನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಮಳೆಗಾಲದಲ್ಲಿ ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ. ಖಾಕಿ ಹಾಕಿ ಅದರ ಮೇಲೆ ಪ್ಲಾಸ್ಟಿಕ್ ಹಾಕುವವರೂ ಇದ್ದಾರೆ. ಅವರು ಒಮ್ಮೆ ತೂಕ ಲೆಕ್ಕ ಹಾಕಲಿ. ಸಾಮಾನ್ಯ ಅಳತೆಯ ನೋಟ್‌ಬುಕ್ಕಿನ ಖಾಕಿ ಬೈಂಡ್ ಒಂದಕ್ಕೇ ಸುಮಾರು 13 ಗ್ರಾಂ. ಹದಿನೈದು ಪುಸ್ತಕಕ್ಕೆ ಹತ್ತಿರ ಹತ್ತಿರ 200 ಗ್ರಾಂ. 1 ಮತ್ತು 2ನೇ ತರಗತಿಯ ಮಕ್ಕಳ ಚೀಲ ಒಂದೂವರೆಯಿಂದ 2 ಕಿಲೋ ಮೀರಬಾರದು ಎಂದು ರಾಜ್ಯ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಹದಿನೈದನ್ನೂ ಒಂದೇ ದಿನ ಹೊರುವುದಿಲ್ಲ, ನಿಜ. ಆದರೂ ಬರೀ ಹೊದಿಕೆಗೆ ಹೊದಿಕೆ ಹಾಕಿ ಭಾರ ಏರಿಸುವುದು ಯಾಕೆ ಅಂತ.

ಹಳೇ ಕ್ಯಾಲೆಂಡರ್ ಹಾಳೆ ಚಿಕ್ಕ ಪುಸ್ತಕಗಳಿಗೆ ಚೆನ್ನಾಗಿ ಆಗುತ್ತದೆ. ಆದರೆ ನಮ್ಮ ಕ್ಯಾಲೆಂಡರುಗಳಲ್ಲಿ ಹಿಂಬದಿಯೂ ಖಾಲಿ ಇರುವುದಿಲ್ಲ. ಹೋದ ವರ್ಷ ದೊಡ್ಡವನ ಗಣಿತದ ನೋಟ್‌ಬುಕ್ಕಿನ ಮೇಲೆ ವರ್ಷವಿಡೀ ರಾಹುಕಾಲದ ಪಟ್ಟಿ ಇತ್ತು. ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗ ಅದನ್ನೇ ತೋರಿಸಿದ.

ಹಂತ 2: ರೋಲ್ ಬಿಡಿಸಿ ರಾತ್ರಿ ಹಾಸಿಗೆಯ ಕೆಳಗೆ ಹರಡಿಡಿ. ಬೆಳಿಗ್ಗೆಗೆ ಸುರುಳಿ ಬಿಟ್ಟಿರುತ್ತದೆ.

ಹಂತ 3: ಅಳತೆ

ಉದ್ದಕ್ಕೆ: ಪುಸ್ತಕದ ಎತ್ತರ, ಅದರ ಮೇಲೆ 8 ಸೆಂ.ಮೀ. ಅಗಲಕ್ಕೆ: ಪುಸ್ತಕದ ಅಗಲ ಎರಡು ಸಲ, ಬೆನ್ನಿನ ದಪ್ಪ, ಅದರ ಮೇಲೆ 14 ಸೆಂ.ಮೀ. 18×24ರ ನೋಟ್‌ಬುಕ್ಕಿಗೆ ಸುಮಾರು 51×32 ಸೆಂ.ಮೀ. ತುಂಡು ಬೇಕು. ಒಳಗೆ ಮಡಚುವ ಕಿವಿ 7 ಸೆಂ.ಮೀ.ಗಿಂತ ಚಿಕ್ಕದಾದರೆ ಚಿಕ್ಕವ ಅದನ್ನು ಸಂಜೆಯೊಳಗೆ ಹೊರಗೆಳೆಯುತ್ತಾನೆ. ನಿಮ್ಮ ಮನೆಯವನೂ ಎಳೆಯುತ್ತಾನೆ.

ಪೇಪರಿಗೂ ಬಟ್ಟೆಯ ಹಾಗೆ ಒಂದು ಓಟ ಇದೆ. ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಳೇ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಗೆ ಎಲ್ಲಿಗೋ ಹೋಗುತ್ತದೆ. ಖಾಕಿ ರೋಲಿನಲ್ಲಿ ಈ ಓಟ ರೋಲಿನ ಉದ್ದಕ್ಕೆ ಇರುತ್ತದೆ. ಪುಸ್ತಕದ ಬೆನ್ನೂ ಅದೇ ದಿಕ್ಕಿಗೆ ಬರುವ ಹಾಗೆ ತುಂಡು ಕತ್ತರಿಸಿದರೆ ಮಡಿಕೆ ಚೂಪಾಗಿ ಕೂರುತ್ತದೆ, ಬೈಂಡ್ ಉಬ್ಬುವುದಿಲ್ಲ. ರೋಲಿನ ಅಗಲ ಸಾಲದಿದ್ದರೆ ಬಿಡಿ, ಅಡ್ಡಕ್ಕೇ ಕತ್ತರಿಸಿ. ಅದಕ್ಕೋಸ್ಕರ ಎರಡನೇ ರೋಲ್ ತರುವಷ್ಟು ದೊಡ್ಡ ವಿಷಯ ಅಲ್ಲ.

ಹಂತ 4: ಬೆನ್ನು

ಬಂದೆವು. ಟೀ ಇದ್ದರೆ ಕುಡಿದು ಕೂತುಕೊಳ್ಳಿ. ಮಕ್ಕಳಿಬ್ಬರನ್ನೂ ಹತ್ತು ನಿಮಿಷ ಹೊರಗೆ ಕಳಿಸಿ.

ಬೆನ್ನೇ ಯಾಕೆ ಹರಿಯುತ್ತದೆ ಅಂತ ಮೊದಲು ತಿಳಿಯಬೇಕು. ಮಕ್ಕಳು ಚೀಲದಿಂದ ಪುಸ್ತಕ ತೆಗೆಯುವುದನ್ನು ಗಮನಿಸಿ. ಬೆನ್ನಿನ ನೆತ್ತಿಗೆ ತೋರುಬೆರಳು ಕೊಕ್ಕೆ ಹಾಕಿ ಎಳೆಯುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಸಲ ಆ ಒಂದು ಜಾಗಕ್ಕೇ ಜಗ್ಗಾಟ. ನಾವು ಬೈಂಡ್ ಹಾಕುವಾಗ ಸರಿಯಾಗಿ ಅದೇ ಜಾಗಕ್ಕೆ ಕತ್ತರಿ ಇಟ್ಟಿರುತ್ತೇವೆ. ಕೆಲವರು ಬೆನ್ನಿನ ಮಧ್ಯಕ್ಕೆ ನೇರವಾಗಿ ಒಂದೇ ಕತ್ತರಿ ಓಡಿಸಿ ಎರಡೂ ಕಡೆ ಮಡಚಿಬಿಡುತ್ತಾರೆ. ಇನ್ನು ಕೆಲವರು ಬೆನ್ನಿನ ಮೇಲೆ ಉಳಿದ ಪಟ್ಟಿಯನ್ನು ಪೂರ್ತಿ ಕತ್ತರಿಸಿ ಬಿಸಾಡುತ್ತಾರೆ. ಎರಡರಲ್ಲೂ ಬೆನ್ನಿನ ನೆತ್ತಿಯಲ್ಲಿ ಉಳಿಯುವುದು ಒಂದೇ ಪದರ, ಅದೂ ಕತ್ತರಿಸಿದ ಅಂಚು.

ಹೀಗೆ ಮಾಡಿ. ಪೇಪರನ್ನು ನೆಲದ ಮೇಲೆ ಹರಡಿ. ಪುಸ್ತಕ ಮುಚ್ಚಿ ಅದರ ಮೇಲೆ ಮಲಗಿಸಿ. ಮೇಲೆ 4, ಕೆಳಗೆ 4 ಸೆಂ.ಮೀ. ಉಳಿಯಬೇಕು. ಒಂದು ಕಡೆ 7 ಸೆಂ.ಮೀ. ಕಿವಿ ಬಿಡಿ. ಬೆನ್ನಿನ ಅಂಚು ಎಲ್ಲಿದೆಯೋ ಅಲ್ಲಿ ಪೆನ್ಸಿಲಿನಿಂದ ಮೇಲೊಂದು ಕೆಳಗೊಂದು ಚುಕ್ಕೆ ಇಡಿ. ಈಗ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಇನ್ನೊಂದು ಅಂಚಿಗೂ ಎರಡು ಚುಕ್ಕೆ ಇಡಿ. ಒಟ್ಟು ನಾಲ್ಕು. ಪುಸ್ತಕ ಪಕ್ಕಕ್ಕಿಡಿ.

ಪ್ರತಿ ಚುಕ್ಕೆಗೂ ಒಂದು ಇಂಗ್ಲಿಷ್ 'ವಿ' ಕತ್ತರಿಸಬೇಕು. 'ವಿ'ಯ ಬಾಯಿ ಪೇಪರಿನ ಅಂಚಿನಲ್ಲಿ, ತುದಿ ಚುಕ್ಕೆಯ ಕಡೆಗೆ. ಆದರೆ ಚುಕ್ಕೆಯವರೆಗೂ ಕತ್ತರಿಸಬೇಡಿ. 2 ಮಿ.ಮೀ. ಮೊದಲೇ ನಿಲ್ಲಿಸಿ. ತುದಿಯನ್ನು ಚೂಪಾಗಿ ಬಿಡದೆ ಕತ್ತರಿಯಿಂದ ಸ್ವಲ್ಪ ದುಂಡಗೆ ಮಾಡಿ. ಎಳೆತ ಬಿದ್ದಾಗ ಸೀಳು ಶುರುವಾಗುವುದೇ ಚೂಪು ಮೂಲೆಯಿಂದ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದವು. ಒಂದರ ಅವಶೇಷ ಎತ್ತಿ ತಂದು, ಅದೇ ಮಾದರಿಯ ಇನ್ನೊಂದು ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಪರೀಕ್ಷೆ ಮಾಡಿದಾಗ, ಕಿಟಕಿಗಳಂಥ ಕಂಡಿಗಳ ಮೂಲೆಗಳಲ್ಲೇ ಬಿರುಕು ಹುಟ್ಟುತ್ತಿತ್ತು ಎಂದು ಗೊತ್ತಾಯಿತು. ಈ ಕತೆ ಕೇಳಿದ ಮೇಲೆ ದೊಡ್ಡವ ಬೈಂಡಿನ ಕೆಲಸಕ್ಕೆ ಕರೆಯದೆಯೇ ಬರುತ್ತಾನೆ. ಚಿಕ್ಕವನಿಗೆ ವಿಮಾನ ಒಡೆದದ್ದಷ್ಟೇ ಇಷ್ಟವಾಯಿತು.

ನಾಲ್ಕು 'ವಿ' ಕತ್ತರಿಸಿದ ಮೇಲೆ ಬೆನ್ನಿನ ಮೇಲೂ ಕೆಳಗೂ ಒಂದೊಂದು ನಾಲಗೆ ಉಳಿಯುತ್ತದೆ. ಬುಡ ಅಗಲ, ತುದಿ ಕಿರಿದು. ಈ ನಾಲಗೆಯನ್ನು ಒಳಕ್ಕೆ ಮಡಚಿ. ಅದು ಪುಸ್ತಕದ ಬೆನ್ನಿಗೂ ಬೈಂಡಿಗೂ ನಡುವೆ ಕೂರಬೇಕು. ಮಡಿಕೆಯನ್ನು ಸ್ಟೀಲ್ ಚಮಚದ ಬೆನ್ನಿನಿಂದ ತೀಡಿ. ಈಗ ಬೆರಳು ಕೊಕ್ಕೆ ಹಾಕುವ ಜಾಗದಲ್ಲಿ ಎರಡು ಪದರ ಇದೆ. ಕತ್ತರಿಸಿದ ಅಂಚು ಹೋಗಿ ಮಡಿಕೆ ಬಂದಿದೆ. ಎಳೆಯಲಿ ಬಿಡಿ.

ಪಿನ್ ಹೊಡೆದ ತೆಳು ನೋಟ್‌ಬುಕ್ಕಿಗೆ ಮಾತ್ರ ಇದು ಆಗುವುದಿಲ್ಲ. ಬೆನ್ನೇ ಇಲ್ಲ, ನಾಲಗೆ ಎಲ್ಲಿಂದ ಬರಬೇಕು? ಕಡ್ಡಿಯಷ್ಟು ನಾಲಗೆ ಮಾಡಲು ಹೋಗಿ ಹರಿದುಕೊಳ್ಳುತ್ತಾರೆ. ಅದಕ್ಕೆ ಕತ್ತರಿಯೇ ಬೇಡ. ಮೇಲಿನ 4 ಸೆಂ.ಮೀ., ಕೆಳಗಿನ 4 ಸೆಂ.ಮೀ. ಎರಡನ್ನೂ ಉದ್ದಕ್ಕೆ ಒಳಗೆ ಮಡಚಿ, ಸೀರೆಯ ಫಾಲ್ ಇದ್ದ ಹಾಗೆ. ಎರಡೂ ತುದಿಯ ಕಿವಿ ಮಡಚಿದರೆ ಒಂದೊಂದು ಜೇಬಾಗುತ್ತದೆ. ಪುಸ್ತಕದ ರಟ್ಟನ್ನು ಆ ಜೇಬಿಗೆ ತೂರಿಸಿ. ಎರಡು ನಿಮಿಷದ ಕೆಲಸ. ದಪ್ಪ ಪುಸ್ತಕಕ್ಕೂ ಹೀಗೇ ಮಾಡಬಹುದಲ್ವಾ ಅಂತ ದೊಡ್ಡವ ಪ್ರತಿ ವರ್ಷ ಕೇಳುತ್ತಾನೆ. ಮಾಡಬಹುದು. ಆದರೆ ಜೇಬಿನ ಬೈಂಡ್ ಮೇಲೆ ಕೆಳಗೆ ಜಾರಾಡುತ್ತದೆ. ನನಗೆ ನಾಲಗೆ ಇರುವ ಬೈಂಡೇ ಆಗಬೇಕು.

ಹಂತ 5: ಸುತ್ತುವುದು

ಇಲ್ಲಿ ಒಂದೇ ಮಾತು ನೆನಪಿಡಿ. ಎರಡನೇ ಕಡೆ ಸುತ್ತುವಾಗ ಪುಸ್ತಕ ಮುಚ್ಚಿರಬೇಕು.

ಮುಂದಿನ ರಟ್ಟು ಸುಲಭ. ಮೇಲಿನ ಕೆಳಗಿನ ಪಟ್ಟಿ ಒಳಗೆ ಮಡಚಿ, ಕಿವಿಯ ಎರಡು ಮೂಲೆಗಳನ್ನು ತ್ರಿಕೋನವಾಗಿ ಮಡಚಿ, ಕಿವಿಯನ್ನು ರಟ್ಟಿನ ಒಳಗೆ ತನ್ನಿ. ಹಿಂದಿನ ರಟ್ಟಿಗೆ ಬಂದಾಗ ಜನ ಪುಸ್ತಕವನ್ನು ಪೂರ್ತಿ ಹಿಂದಕ್ಕೆ ಬಿಚ್ಚಿ, ಪೇಪರ್ ಎಳೆದು ಬಿಗಿ ಮಾಡುತ್ತಾರೆ. ನೋಡಲು ಚೆಂದ ಕಾಣುತ್ತದೆ. ಪುಸ್ತಕ ಮುಚ್ಚಿದ ಕೂಡಲೇ ಪೇಪರ್ ಸಾಲದೆ ರಟ್ಟು ಬಾಗುತ್ತದೆ, ಬೆನ್ನಿನ ಮೇಲೆ ಜಗ್ಗು ಬೀಳುತ್ತದೆ. ಕಷ್ಟಪಟ್ಟು ಮಾಡಿದ ನಾಲಗೆ ಅಲ್ಲಿಗೆ ದಂಡ.

ನಾನು ತೆಂಗಿನ ಪೊರಕೆಯ ಕಡ್ಡಿ ಬಳಸುತ್ತೇನೆ. ಹೊಸ ಪೊರಕೆಯಿಂದ ಒಂದು ಕಡ್ಡಿ ಎಳೆದುಕೊಳ್ಳಿ, ಅದನ್ನು ಬೆನ್ನಿನ ಉದ್ದಕ್ಕೆ ಇಟ್ಟು ಅದರ ಮೇಲಿಂದ ಪೇಪರ್ ಸುತ್ತಿ. ಪುಸ್ತಕ ಮುಚ್ಚಿದ ಹಾಗೇ ಹಿಂದಿನ ರಟ್ಟಿನ ಅಂಚಿಗೆ ಮಡಿಕೆ ತೀಡಿ. ಆಮೇಲೆ ರಟ್ಟನ್ನು ಬಾಗಿಲು ಓರೆ ಮಾಡಿದಷ್ಟು ಮಾತ್ರ ತೆರೆದು ಕಿವಿ ಒಳಗೆ ಹಾಕಿ. ಕೊನೆಗೆ ಕಡ್ಡಿ ಎಳೆದುಬಿಡಿ. ಅದು ಬಿಟ್ಟ ಸಡಿಲವೇ ಪುಸ್ತಕ ತೆರೆಯಲು ಬೇಕಾದ ಜಾಗ. ಈ ಕಡ್ಡಿ ಸಿಕ್ಕಿದ್ದು ಸುಮ್ನೆ. ಚಿಕ್ಕವ ಅದರಲ್ಲಿ ಕತ್ತಿವರಸೆ ಆಡುತ್ತಿದ್ದ, ಕಿತ್ತುಕೊಂಡು ಪಕ್ಕಕ್ಕಿಟ್ಟಿದ್ದೆ, ಗೊತ್ತಿಲ್ಲದೆ ಅದರ ಮೇಲೇ ಸುತ್ತಿದ್ದೆ.

ಹಂತ 6: ಅಂಟು

ಪೇಪರಿಗೆ ಪೇಪರ್ ಅಂಟಬೇಕು, ಪುಸ್ತಕಕ್ಕೆ ಅಂಟಬಾರದು. ಕಿವಿ ಮತ್ತು ಪಟ್ಟಿ ಸೇರುವ ಕಡೆ ಚಿಟಿಕೆಯಷ್ಟು ಗಮ್ ಸಾಕು. ಸೆಲ್ಲೋಟೇಪನ್ನು ಪುಸ್ತಕದ ರಟ್ಟಿಗೆ ಅಂಟಿಸಿದರೆ ಮೂರು ವರ್ಷದಲ್ಲಿ ಹಳದಿಯಾಗಿ, ಕಿತ್ತರೆ ಚಿತ್ರದ ಸಮೇತ ಬರುತ್ತದೆ. ನಮ್ಮಲ್ಲಿ ದೊಡ್ಡವನ ಪುಸ್ತಕ ಚಿಕ್ಕವನಿಗೆ ಬರಲು ಸರಿಯಾಗಿ ಮೂರು ವರ್ಷ. ಸ್ಟೇಪ್ಲರ್ ಬೇಡ. ಮಳೆಗೆ ಪಿನ್ ತುಕ್ಕು ಹಿಡಿಯುತ್ತದೆ, ಬೆರಳಿಗೆ ಚುಚ್ಚುತ್ತದೆ.

ಎಲ್ಲ ಮುಗಿದ ಮೇಲೆ ಪುಸ್ತಕಗಳನ್ನು ಪೇರಿಸಿ, ಮೇಲೆ ಅಕ್ಕಿ ಡಬ್ಬ ಇಡಿ. ಡಬ್ಬ ತರುವವರೆಗೆ ಚಿಕ್ಕವ ಕೂರುತ್ತಾನೆ. ಅವನಿಗೆ ಕೊಟ್ಟಿರುವ ಕೆಲಸದಲ್ಲಿ ಅವನು ಜಗಳವಿಲ್ಲದೆ ಮಾಡುವುದು ಇದೊಂದೇ.

ಹಂತ 7: ಲೇಬಲ್

ಹೆಸರು ಬರೆದು ಆಮೇಲೆ ಅಂಟಿಸಿ. ಬಾಲ್ ಪೆನ್ನಿನಲ್ಲಿ ಬರೆಯಿರಿ. ಜೆಲ್ ಪೆನ್ನಿನ ಅಕ್ಷರ ಮೊದಲ ಮಳೆಗೇ ಹರಡುತ್ತದೆ. ಅಗ್ಗದ ಸ್ಟಿಕರ್ ಲೇಬಲ್ ಖಾಕಿಯ ಮೇಲೆ ನಿಲ್ಲುವುದಿಲ್ಲ, ಅಂಚಿಗೆ ಗಮ್ ಒರೆಸಿ. ಇಬ್ಬರು ಮಕ್ಕಳಿದ್ದರೆ ಬೇರೆ ಬೇರೆ ಚಿತ್ರಗಳ ಲೇಬಲ್ ಪ್ಯಾಕ್ ತರಲೇಬೇಡಿ. ಈ ಸಲ ಒಂದೇ ಒಂದು ಜೆಸಿಬಿ ಚಿತ್ರ ಇತ್ತು. ಮೂವತ್ತೊಂದು ಬೈಂಡಿಗೆ ಹಿಡಿದದ್ದು ಮೂರು ಸಂಜೆ, ಆ ಜೆಸಿಬಿಗೆ ನಾಲ್ಕನೇ ಸಂಜೆ.

ಉಳಿದ ಪೇಪರ್ ಬಿಸಾಡಬೇಡಿ. ದಸರಾ ರಜೆ ಮುಗಿಯುವ ಹೊತ್ತಿಗೆ ನಾಲ್ಕೈದು ಬೈಂಡ್ ಮತ್ತೆ ಹಾಕುವುದು ಇದ್ದೇ ಇರುತ್ತದೆ. ನಮ್ಮಲ್ಲಿ ಹೋದ ಸಲ ನಾಲ್ಕು. ಅದರಲ್ಲಿ ಮೂರು ಚಿಕ್ಕವನವು, ಒಂದರ ಮೇಲೆ ಸಾಂಬಾರ್.