ಇರಾಕ್‌ನಲ್ಲಿ ಸಾವು ಇಳಿಸಿದ್ದು ಯಾರು? 2008ರಲ್ಲಿ ನಾನು ಲೆಕ್ಕ ಹಾಕಿದ ಬಗೆ

2008ರ ಅಮೆರಿಕ ಚುನಾವಣೆ ಹೊತ್ತಿಗೆ ನಾನು ಕನ್ನಡ ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿ ಪುಟ ನೋಡಿಕೊಳ್ಳುತ್ತಿದ್ದೆ. ಇರಾಕ್‌ನಲ್ಲಿ ಹಿಂಸೆ ಇಳಿದಿತ್ತು, ಅದರ ಬಗ್ಗೆ ಇಬ್ಬರು ಅಭ್ಯರ್ಥಿಗಳಿಗೂ ತಕರಾರಿರಲಿಲ್ಲ. ಇಳಿಸಿದ್ದು ಯಾರು ಅನ್ನೋದೇ ಜಗಳ. 2007ರಲ್ಲಿ ಅಮೆರಿಕ ಹೆಚ್ಚುವರಿ ಪಡೆ ಕಳಿಸಿದ್ದಕ್ಕೇ ಇಳಿಯಿತು ಅಂತ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್. ಸೈನಿಕರ ಪಾಲೂ ಇದೆ, ಆದರೆ ಅನ್ಬರ್ ಪ್ರಾಂತ್ಯದ ಸುನ್ನಿ ಶೇಖ್‌ಗಳು, ಅಂದರೆ ಬುಡಕಟ್ಟು ಮುಖಂಡರು, ಅಲ್ ಖೈದಾ ಮೇಲೆ ತಿರುಗಿಬಿದ್ದಿದ್ದು, ಶಿಯಾ ಗುಂಪುಗಳು ಬಂದೂಕು ಕೆಳಗಿಟ್ಟಿದ್ದು ಕೂಡ ಕಾರಣ ಅಂತ ಡೆಮಾಕ್ರಟಿಕ್ ಅಭ್ಯರ್ಥಿ ಬರಾಕ್ ಒಬಾಮ. 'ಯಾರು ಸರಿ ಅಂತ ಅರ್ಧ ಪುಟದಲ್ಲಿ ಬರೀರಿ' ಅಂದರು ಸುದ್ದಿ ಸಂಪಾದಕರು.

ನಾನು ಭಾಷಣಗಳನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಬರೀ ತಾರೀಖುಗಳನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡೆ. 2006ರ ಫೆಬ್ರುವರಿ 22, ಸಮಾರಾದ ಶಿಯಾ ಮಸೀದಿ ಸ್ಫೋಟ. ಅಲ್ಲಿಂದ ಸುನ್ನಿ-ಶಿಯಾ ಕೊಲೆಗಳಲ್ಲಿ ಬಾಗ್ದಾದ್ ಹೊತ್ತಿ ಉರಿಯಿತು. 2006ರ ಸೆಪ್ಟೆಂಬರ್, ಅನ್ಬರ್‌ನ ರಮಾದಿಯಲ್ಲಿ ಶೇಖ್ ಅಬ್ದುಲ್ ಸತ್ತಾರ್ ಅಬು ರಿಷಾ ಅಲ್ ಖೈದಾ ವಿರುದ್ಧ ಬುಡಕಟ್ಟುಗಳನ್ನು ಒಟ್ಟುಗೂಡಿಸಿದರು, ಅಲ್ಲಿದ್ದ ಅಮೆರಿಕದ ಕರ್ನಲ್ ಶಾನ್ ಮೆಕ್‌ಫಾರ್ಲೆಂಡ್ ಅವರ ಬೆನ್ನಿಗೆ ನಿಂತರು. 2007ರ ಜನವರಿ 10, ಹೆಚ್ಚುವರಿ ಪಡೆ ಕಳಿಸುತ್ತೇವೆ ಅಂತ ಆಗಿನ ಅಧ್ಯಕ್ಷ ಬುಷ್ ಘೋಷಣೆ. ಜೂನ್ ಹೊತ್ತಿಗೆ ಪಡೆಯೆಲ್ಲ ಬಂದಿಳಿಯಿತು. ಆಗಸ್ಟ್ 29, ಶಿಯಾ ಸಶಸ್ತ್ರ ಗುಂಪಿನ ಮುಖಂಡ ಮುಕ್ತದಾ ಅಲ್ ಸದರ್ ಕದನವಿರಾಮ.

ಈ ಪಟ್ಟಿ ಎದುರಿಗಿದ್ದರೆ ಅರ್ಧ ಕೆಲಸ ಆದ ಹಾಗೆ. ಯಾಕೆಂದರೆ 2008ರ ಜುಲೈನಲ್ಲಿ ಸಿಬಿಎಸ್ ಟಿವಿ ಸಂದರ್ಶನದಲ್ಲಿ ಮೆಕೇನ್ ಏನಂದರು? ಹೆಚ್ಚುವರಿ ಪಡೆಯಿಂದಲೇ ಆ ಶೇಖ್‌ಗೆ ರಕ್ಷಣೆ ಕೊಡೋಕೆ ಆಯಿತು, ಅನ್ಬರ್ ಬಂಡಾಯ ಶುರುವಾಗಿದ್ದೇ ಹಾಗೆ ಅಂದರು. ತಾರೀಖು ಹೊಂದೋದೇ ಇಲ್ಲ, ಬಂಡಾಯ ನಾಲ್ಕು ತಿಂಗಳು ಮೊದಲೇ ಶುರುವಾಗಿತ್ತು. ಮರುದಿನ ಪೆನ್ಸಿಲ್ವೇನಿಯಾದ ಸೂಪರ್‌ಮಾರ್ಕೆಟ್ ಒಂದರಲ್ಲಿ ನಿಂತು, ತಾನು ಹೇಳಿದ್ದು ಬರೀ ಸೈನಿಕರ ಸಂಖ್ಯೆ ಅಲ್ಲ, ಇಡೀ ತಂತ್ರ, ಅದು ಪಡೆ ಬರೋಕೆ ಮೊದಲೇ ಶುರುವಾಗಿತ್ತು ಅಂತ ವಿವರಣೆ ಕೊಟ್ಟರು. ಹೀಗೆ ಹಿಗ್ಗಿಸಿದರೆ ಏನು ಬೇಕಾದರೂ ಒಳಗೆ ಹಿಡಿಸುತ್ತೆ ಬಿಡಿ.

ಹಾಗಂತ ಒಬಾಮಗೆ ಪೂರ್ತಿ ಅಂಕ ಕೊಡೋ ಹಾಗಿರಲಿಲ್ಲ. ಸೈನಿಕರನ್ನು ಹೆಚ್ಚಿಸಿದರೆ ಹಿಂಸೆ ತಗ್ಗಲ್ಲ, ಇನ್ನೂ ಜಾಸ್ತಿ ಆಗಬಹುದು ಅಂತ 2007ರ ಜನವರಿಯಲ್ಲಿ ಅವರೇ ಹೇಳಿದ್ದರು. ಹಾಗಾಗಲಿಲ್ಲ. ಸೆಪ್ಟೆಂಬರ್ 2008ರಲ್ಲಿ ಫಾಕ್ಸ್ ಟಿವಿ ಸಂದರ್ಶನದಲ್ಲಿ, ಪಡೆ ಹೆಚ್ಚಿಸಿದ್ದು ಯಾರೂ ಊಹಿಸದಷ್ಟು ಯಶಸ್ವಿ ಆಯಿತು ಅಂತ ಒಪ್ಪಿಕೊಂಡರು, ಆದರೆ ತಮ್ಮ ಹಳೇ ನಿಲುವು ತಪ್ಪಿತ್ತು ಅಂತ ಮಾತ್ರ ಬಾಯಿಬಿಡಲಿಲ್ಲ.

ಯಾವುದು ಮೊದಲು ಅಂತ ತಾರೀಖು ಹೇಳುತ್ತೆ, ಯಾವುದು ಕಾರಣ ಅಂತ ಹೇಳಲ್ಲ. ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ಅಂಕಿಅಂಶ ತೆರೆಯೋಕೆ ಮುಂಚೆಯೇ, ಒಂದೊಂದು ವಾದ ನಿಜವಾಗಿದ್ದರೆ ಏನು ಕಾಣಬೇಕು ಅಂತ ಬರೆದಿಟ್ಟುಕೊಂಡೆ. ಸೈನಿಕರೇ ಕಾರಣವಾದರೆ ಅವರು ಹೋದ ಜಾಗದಲ್ಲಿ, ಹೋದ ಮೇಲೆ ಸಾವು ಇಳಿಯಬೇಕು. ಶೇಖ್‌ಗಳೇ ಕಾರಣವಾದರೆ ಅನ್ಬರ್ ಮೊದಲು ತಣ್ಣಗಾಗಬೇಕು. ಬಾಗ್ದಾದ್‌ನಲ್ಲಿ ಸುನ್ನಿ, ಶಿಯಾ ಜನ ಆಗಲೇ ಒಬ್ಬರನ್ನೊಬ್ಬರು ಓಡಿಸಿ ಬೇರೆಬೇರೆ ಆಗಿದ್ದೇ ಕಾರಣವಾದರೆ, ಖಾಲಿಯಾದ ಬಡಾವಣೆಗಳು ಪಡೆ ಬರೋಕೆ ಮೊದಲೇ ಶಾಂತವಾಗಿರಬೇಕು. ಈ ಮೂರನೇದನ್ನು ಇಬ್ಬರೂ ವೇದಿಕೆ ಮೇಲೆ ಎತ್ತುತ್ತಲೇ ಇರಲಿಲ್ಲ. ಕೊಲ್ಲೋಕೆ ಯಾರೂ ಉಳಿದಿಲ್ಲದಿದ್ದಕ್ಕೆ ಕೊಲೆ ನಿಂತಿತು ಅಂದರೆ ಯಾವ ಪಕ್ಷಕ್ಕೆ ವೋಟು ಬರುತ್ತೆ?

ಅಂಕಿ ಹೀಗಿತ್ತು: 2007ರ ಮೇನಲ್ಲಿ ಅಮೆರಿಕದ 126 ಸೈನಿಕರು ಸತ್ತಿದ್ದರು, ಡಿಸೆಂಬರ್‌ನಲ್ಲಿ 23. ಇಳಿಕೆ ಪಡೆ ಬಂದ ಮೇಲೇ ಆಗಿದೆ, ಮೆಕೇನ್ ಖುಷಿಪಡಬಹುದು. ಆದರೆ ಸದರ್ ಕದನವಿರಾಮವೂ ಅದೇ ತಿಂಗಳುಗಳಲ್ಲಿ ಬಿದ್ದಿದೆ. ಅನ್ಬರ್ ಮೊದಲು ತಿರುಗಿತು, ನಿಜ, ಆದರೆ ಬುಷ್ ಅಲ್ಲಿಗೂ 4,000 ಸೈನಿಕರನ್ನು ಕಳಿಸಿದ್ದರು, ಅಲ್ಲಿಗೆ ಅದೂ ಶುದ್ಧ ಸಾಕ್ಷಿ ಅಲ್ಲ. ಜೊತೆಗೆ ಅನ್ಬರ್‌ನ ಬುಡಕಟ್ಟುಗಳು 2005ರಲ್ಲೇ ಅಲ್ ಖೈದಾ ವಿರುದ್ಧ ಎದ್ದಿದ್ದವು, ಆಗ ಕಾಯೋರು ಇಲ್ಲದೆ ಮುಖಂಡರು ಹತರಾದರು. ನನ್ನ ಪ್ರಕಾರ ಮೆಕೇನ್ ವಾದದಲ್ಲಿ ಗಟ್ಟಿಯಾದದ್ದು ಇದೊಂದೇ. ವಿಚಿತ್ರ ಅಂದರೆ ಅವರು ಇದನ್ನು ಸರಿಯಾಗಿ ಬಳಸಲೇ ಇಲ್ಲ.

ಬಾಗ್ದಾದ್ ಬಗ್ಗೆ 2008ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಸಿಕ್ಕಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೂಗೋಳ ತಜ್ಞರು ರಾತ್ರಿ ಹೊತ್ತಿನ ಉಪಗ್ರಹ ಚಿತ್ರಗಳಲ್ಲಿ ದೀಪದ ಬೆಳಕು ಅಳೆದಿದ್ದರು. ಜಗಳ ಜಾಸ್ತಿ ಇದ್ದ ಕೆಲವು ಬಡಾವಣೆಗಳಲ್ಲಿ ಪಡೆ ಪೂರ್ತಿ ಬರೋಕೆ ಮೊದಲೇ ದೀಪ ಕಡಿಮೆಯಾಗಿತ್ತು. ಜನ ಆಗಲೇ ಮನೆ ಬಿಟ್ಟಿದ್ದರು.

ಕೊನೆಗೆ ನಾನು ಬರೆದಿದ್ದು ಇಷ್ಟು: ಶೇಖ್‌ಗಳು ಮೊದಲು, ಪಡೆ ಆಮೇಲೆ, ಮೆಕೇನ್ ಹೇಳಿದ ಕ್ರಮ ತಪ್ಪು. ಆದರೆ ಪಡೆ ಇಲ್ಲದಿದ್ದರೆ ಶೇಖ್‌ಗಳ ಬಂಡಾಯ ಬೇರೆ ಕಡೆ ಇಷ್ಟು ಬೇಗ ಹರಡುತ್ತಿರಲಿಲ್ಲ, ಅದನ್ನು ಒಬಾಮ ಸಾಕಷ್ಟು ಒಪ್ಪುತ್ತಿಲ್ಲ. 2012ರಲ್ಲಿ ಸ್ಟೀಫನ್ ಬಿಡ್ಲ್ ಮತ್ತಿಬ್ಬರು ಸಂಶೋಧಕರು ಸೇನೆಯದೇ ದಾಖಲೆ ಹಿಡಿದು ಪರೀಕ್ಷಿಸಿದಾಗಲೂ, ಎರಡೂ ಸೇರಿದ್ದಕ್ಕೇ ಇಳಿಯಿತು, ಒಂದರಿಂದಲೇ ಆಗುತ್ತಿರಲಿಲ್ಲ ಅಂತ ಬಂತು. ನನ್ನ ಲೇಖನದಲ್ಲಿ ದೀಪದ ಭಾಗ ಅಚ್ಚಾಗಲಿಲ್ಲ. ರಾತ್ರಿ ಜಾಹೀರಾತು ಬಂತು, ಕೊನೇ ಪ್ಯಾರಾ ತೆಗೆದರು.